ಮರಳಿನೊಳಗೆ ನೀರು, ನೀರಿನೊಳಗೆ ಉಪ್ಪು: ಪಿವಿಸಿ ಪೈಪಿನಿಂದ ಸ್ಪ್ರೆಡ್‌ಶೀಟ್ ಮಾಡೆಲ್‌ವರೆಗೆ ಸಮಗ್ರ ಮಾರ್ಗದರ್ಶಿ

ಕರಾವಳಿಯ ಮರಳು ನೆಲದಲ್ಲಿ ಒಂದು ಮನೆ ಅಂದುಕೊಳ್ಳಿ. ಹಿತ್ತಲಲ್ಲಿ ಶೌಚದ ನೀರಿನ ಇಂಗುಗುಂಡಿ, ಅಲ್ಲಿಂದ 30 ಮೀಟರ್ ಆಚೆ ಕುಡಿಯುವ ನೀರಿನ ಬಾವಿ. ಗುಂಡಿಯಿಂದ ಇಳಿದ ನೈಟ್ರೇಟ್ ಬಾವಿಗೆ ಯಾವಾಗ ಬಂದೀತು? ಹೆಚ್ಚಿನವರು ದೂರವನ್ನು ವೇಗದಿಂದ ಭಾಗಿಸಿ ಉತ್ತರ ಹೇಳಿಬಿಡುತ್ತಾರೆ. 54 ದಿನ ಅಂತ ಬಂತು ಅನ್ನಿ. ಆದರೆ ಮೊದಲ ಕುರುಹು ಮೂರು ವಾರದೊಳಗೇ ಬಾವಿಯಲ್ಲಿ ಕಾಣಿಸಬಹುದು. ಈ ಎರಡು ಸಂಖ್ಯೆಗಳ ನಡುವಿನ ಅಂತರವೇ ಇಲ್ಲಿನ ವಿಷಯ.

ಮರಳಿನೊಳಗೆ ಎಲ್ಲ ನೀರೂ ಒಂದೇ ವೇಗದಲ್ಲಿ ಹೋಗುವುದಿಲ್ಲ. ದೊಡ್ಡ ಸಂದಿಯ ನೀರು ಓಡುತ್ತದೆ, ಸಣ್ಣ ಸಂದಿಯದು ತೆವಳುತ್ತದೆ. ಒಂದೇ ಸಂದಿಯಲ್ಲೂ ನಡುವಿನ ನೀರು ಮುಂದೆ, ಮರಳಿನ ಕಾಳಿಗೆ ತಾಗಿಕೊಂಡ ನೀರು ಹಿಂದೆ. ಒಟ್ಟಿಗೇ ಹೊರಟ ಉಪ್ಪು ಹೋಗ್ತಾ ಹೋಗ್ತಾ ಹರಡಿಕೊಳ್ಳುತ್ತದೆ. ಇದಕ್ಕೆ ಡಿಸ್ಪರ್ಷನ್ ಅನ್ನುತ್ತಾರೆ. ನಾನು ಚದುರುವಿಕೆ ಅಂತ ಬರೆಯುತ್ತೇನೆ.

ಇದನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಒಂದು ಪೈಪಿನಲ್ಲಿ ಮರಳು ತುಂಬಿ ನೋಡುವುದು ಒಳ್ಳೆಯದು. ನಂತರ ಅದೇ ಪೈಪನ್ನು ಸ್ಪ್ರೆಡ್‌ಶೀಟ್‌ನಲ್ಲಿ ಕಟ್ಟೋಣ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕೆಲಸದಲ್ಲಿ ಜನ ಎಡವುವುದು ಇಲ್ಲೇ: ಮಾಡೆಲ್ ತೋರಿಸುವ ಚದುರುವಿಕೆಯಲ್ಲಿ ಮರಳಿನದು ಎಷ್ಟು, ಕಂಪ್ಯೂಟರ್ ತಾನಾಗಿ ಸೇರಿಸಿದ್ದು ಎಷ್ಟು? ಇದು ಗೊತ್ತಾಗದೆ ಆ ಮಾಡೆಲ್‌ನ ಉತ್ತರವನ್ನು ಯಾರಿಗೂ ಕೊಡಬೇಡಿ.

ಏನೇನು ಬೇಕು

ಒಳವ್ಯಾಸ 5 ಸೆಂ.ಮೀ. ಇರುವ ಪಿವಿಸಿ ಪೈಪ್, ಸುಮಾರು 60 ಸೆಂ.ಮೀ. ಉದ್ದ. ಎರಡು ಎಂಡ್ ಕ್ಯಾಪ್. ಮೆಡಿಕಲ್ ಶಾಪಿನಲ್ಲಿ ಸಿಗುವ ಎರಡು ಡ್ರಿಪ್ ಸೆಟ್, ಅಂದರೆ ಗ್ಲೂಕೋಸ್ ಏರಿಸುವ ಟ್ಯೂಬು. ಅದರ ರೋಲರ್ ಕ್ಲಾಂಪ್ ನಮಗೆ ಹರಿವಿನ ನಲ್ಲಿಯಾಗುತ್ತದೆ. ಎರಡು ಕಿಲೋ ಮರಳು, ಅಡುಗೆ ಉಪ್ಪು, ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ, ನೀರಿನಲ್ಲಿ ಕರಗಿದ ಲವಣ ಅಳೆಯುವ ಪೆನ್ನಿನಂಥ ಟಿಡಿಎಸ್ ಮೀಟರ್, ಎಂ-ಸೀಲ್, ತೆಳುವಾದ ಬಟ್ಟೆ, ಒಂದು ಹಿಡಿ ಸಣ್ಣ ಜಲ್ಲಿ. ಅಷ್ಟೇ.

ಮರಳಿನ ಬಗ್ಗೆ ಸ್ವಲ್ಪ ಜಾಗ್ರತೆ ಬೇಕು. ಈಗ ಎಲ್ಲ ಕಡೆ ಸಿಗುವುದು ಎಂ-ಸ್ಯಾಂಡ್. ಅದು ಕಲ್ಲು ಪುಡಿ ಮಾಡಿದ್ದು, ಹಾಗಾಗಿ ಹಿಟ್ಟಿನಂಥ ಧೂಳು ಜಾಸ್ತಿ. ಆ ಧೂಳು ನೀರಿನ ಜೊತೆ ಮೇಲೇರಿ ಬಟ್ಟೆಗೆ ಮೆತ್ತಿಕೊಂಡರೆ ಹರಿವು ಅರ್ಧ ದಾರಿಯಲ್ಲೇ ನಿಧಾನವಾಗುತ್ತದೆ. ಬಕೆಟ್ಟಿನಲ್ಲಿ ಅಕ್ಕಿ ತೊಳೆದ ಹಾಗೆ ತೊಳೆಯಿರಿ, ಮೇಲಿನ ನೀರು ತಿಳಿಯಾಗುವ ತನಕ. ಆಮೇಲೆ ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ಒದ್ದೆ ಮರಳನ್ನು ತೂಗಿದರೆ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ.

ಹಂತ 1: ಪೈಪ್ ತುಂಬುವುದು

ನಿಜವಾದ ಕಸುಬು ಇರುವುದು ಇಲ್ಲೇ. ಅವಸರ ಮಾಡಬೇಡಿ.

ಕೆಳಗಿನ ಕ್ಯಾಪಿಗೆ ರಂಧ್ರ ಕೊರೆದು ಡ್ರಿಪ್ ಟ್ಯೂಬ್ ಸೇರಿಸಿ, ಎಂ-ಸೀಲ್ ಹಚ್ಚಿ ಒಂದು ರಾತ್ರಿ ಬಿಡಿ. ಪೈಪಿಗೆ ಎರಡು ಕಡೆ, 40 ಸೆಂ.ಮೀ. ಅಂತರದಲ್ಲಿ, ಸಣ್ಣ ರಂಧ್ರ ಕೊರೆದು ಪಾರದರ್ಶಕ ಟ್ಯೂಬುಗಳನ್ನು ಸೇರಿಸಿ ಮೇಲ್ಮುಖವಾಗಿ ನಿಲ್ಲಿಸಿ. ಒಳಬದಿಗೆ ಬಟ್ಟೆಯ ಚೂರು ಇಡಲು ಮರೆಯಬೇಡಿ, ಇಲ್ಲದಿದ್ದರೆ ಮರಳು ಹೊರಬರುತ್ತದೆ. ತಳದಲ್ಲಿ ತೆಳುವಾಗಿ ಜಲ್ಲಿ, ಅದರ ಮೇಲೆ ಬಟ್ಟೆ.

ಈಗ ಪೈಪಿನಲ್ಲಿ ಮೊದಲು ನಾಲ್ಕು ಬೆರಳಿನಷ್ಟು ನೀರು. ಮರಳನ್ನು ಆ ನೀರಿನೊಳಕ್ಕೆ ಚಮಚದಲ್ಲಿ ಬಿಡುತ್ತಾ ಹೋಗಿ. ಮರಳಿನ ಮಟ್ಟ ಯಾವಾಗಲೂ ನೀರಿನ ಕೆಳಗೇ ಇರಬೇಕು. ಹೀಗೆ ಮಾಡಿದರೆ ಗಾಳಿ ಒಳಗೆ ಸಿಕ್ಕಿಕೊಳ್ಳುವುದಿಲ್ಲ. ಎರಡು ಮೂರು ಸೆಂ.ಮೀ. ಏರಿದಾಗಲೆಲ್ಲ ಸೌಟಿನ ಹಿಡಿಯಿಂದ ಪೈಪಿನ ಸುತ್ತ ಮೆಲ್ಲಗೆ ತಟ್ಟಿ. ಮುಂದಿನ ಚಮಚ ಹಾಕುವ ಮೊದಲು ಮೇಲಿನ ಪದರವನ್ನು ಒಂದು ಕಡ್ಡಿಯಿಂದ ಕೆದಕಿ.

ಈ ಕೆದಕುವುದನ್ನು ನಾನು ಮೊದಲ ಸಲ ಬಿಟ್ಟಿದ್ದೆ. ನೀರಿನಲ್ಲಿ ಬಿಟ್ಟ ಮರಳಿನಲ್ಲಿ ದಪ್ಪ ಕಾಳು ಮೊದಲು ಇಳಿಯುತ್ತದೆ, ಸಣ್ಣದು ನಂತರ. ಪ್ರತಿ ಸಲದ ಮರಳಿನ ಮೇಲೂ ಒಂದು ತೆಳು ನುಣುಪು ಪದರ ಕೂತಿತ್ತು. ಪೈಪಿನೊಳಗೆ ಇಪ್ಪತ್ತು ಪದರದ ಸ್ಯಾಂಡ್‌ವಿಚ್ ಆಗಿತ್ತು, ನೀರು ಹನಿಹನಿಯಾಗಿ ಮಾತ್ರ ಬರುತ್ತಿತ್ತು. ಪೂರ್ತಿ ಬಿಚ್ಚಿ ಮತ್ತೆ ತುಂಬಬೇಕಾಯಿತು. ಕಡ್ಡಿಯಿಂದ ಕೆದಕಿದರೆ ಹೊಸ ಪದರ ಹಳೆಯದರೊಳಗೆ ಬೆರೆಯುತ್ತದೆ.

ಸರಿಯಾಗಿ 50 ಸೆಂ.ಮೀ. ಮರಳಾದಾಗ ನಿಲ್ಲಿಸಿ. ಮೇಲೆ ಬಟ್ಟೆ, ಜಲ್ಲಿ, ಇನ್ನೊಂದು ಟ್ಯೂಬ್ ಇರುವ ಕ್ಯಾಪ್. ಚೀಲದಲ್ಲಿ ಉಳಿದ ಒಣ ಮರಳನ್ನು ತೂಗಿದರೆ ಪೈಪಿನೊಳಗೆ ಎಷ್ಟು ಹೋಯಿತು ಅಂತ ಗೊತ್ತಾಗುತ್ತದೆ. ಇಲ್ಲಿ 1590 ಗ್ರಾಂ ಅಂತ ಇಟ್ಟುಕೊಳ್ಳೋಣ.

ಹಂತ 2: ಎಷ್ಟು ಜಾಗ ಖಾಲಿ ಇದೆ

ಪೈಪಿನ ಅಡ್ಡಕೊಯ್ತದ ವಿಸ್ತೀರ್ಣ 3.1416 × 2.5 × 2.5 = 19.63 ಚದರ ಸೆಂ.ಮೀ. ಇದನ್ನು 50ರಿಂದ ಗುಣಿಸಿದರೆ ಒಟ್ಟು ಗಾತ್ರ ಸುಮಾರು 982 ಘನ ಸೆಂ.ಮೀ. ಒಣ ಮರಳಿನ ತೂಕವನ್ನು ಇದರಿಂದ ಭಾಗಿಸಿದರೆ ಒಂದು ಘನ ಸೆಂ.ಮೀ.ಗೆ 1.62 ಗ್ರಾಂ.

ಸಿಲಿಕಾ ಮರಳಿನ ಕಾಳು ಮಾತ್ರ ತೆಗೆದುಕೊಂಡರೆ ಅದರ ಸಾಂದ್ರತೆ 2.65. ಹಾಗಾಗಿ ಖಾಲಿ ಜಾಗದ ಪಾಲು:

ರಂಧ್ರತೆ = 1 − (1.62 ÷ 2.65) = 0.389

ಅಂದರೆ ಪೈಪಿನ ಗಾತ್ರದಲ್ಲಿ ನೂರಕ್ಕೆ 39 ಪಾಲು ನೀರು, ಸುಮಾರು 382 ಮಿ.ಲೀ. ಇದನ್ನು ಒಂದು ಪೋರ್ ವಾಲ್ಯೂಮ್ ಅನ್ನುತ್ತಾರೆ. ಈ 382 ಅನ್ನುವ ಸಂಖ್ಯೆಯನ್ನು ಎಲ್ಲಾದರೂ ದೊಡ್ಡದಾಗಿ ಬರೆದಿಡಿ, ಕೊನೆವರೆಗೂ ಇದೇ ನಮ್ಮ ಅಳತೆಗೋಲು. ನಿಮಗೆ 0.30ಕ್ಕಿಂತ ಕಡಿಮೆ ಅಥವಾ 0.50ಕ್ಕಿಂತ ಜಾಸ್ತಿ ಬಂದರೆ ತೂಕದಲ್ಲೋ ಉದ್ದದಲ್ಲೋ ತಪ್ಪಾಗಿದೆ, ಮತ್ತೆ ನೋಡಿ.

ಹಂತ 3: ಡಾರ್ಸಿಯ ಲೆಕ್ಕ

ಫ್ರಾನ್ಸಿನ ಡಿಜಾನ್ ಊರಿಗೆ ಕುಡಿಯುವ ನೀರು ತಂದ ಎಂಜಿನಿಯರ್ ಹೆನ್ರಿ ಡಾರ್ಸಿ. ಮರಳು ತುಂಬಿದ ಕೊಳವೆಯಲ್ಲಿ ನೀರು ಹರಿಸಿ ನೋಡಿದ ಪ್ರಯೋಗವನ್ನು ಅವರು 1856ರಲ್ಲಿ ಪ್ರಕಟಿಸಿದರು. ನೀವೀಗ ಮಾಡುತ್ತಿರುವುದು ಹೆಚ್ಚುಕಡಿಮೆ ಅದನ್ನೇ. ಅವರು ಕಂಡದ್ದು ಇಷ್ಟು: ಹರಿವು ನೀರಿನ ಮಟ್ಟದ ವ್ಯತ್ಯಾಸಕ್ಕೆ ತಕ್ಕಂತೆ ಏರುತ್ತದೆ, ಮರಳಿನ ಉದ್ದಕ್ಕೆ ತಕ್ಕಂತೆ ಇಳಿಯುತ್ತದೆ.

ಹರಿವು ÷ ವಿಸ್ತೀರ್ಣ = ವಾಹಕತೆ × (ಮಟ್ಟದ ವ್ಯತ್ಯಾಸ ÷ ಉದ್ದ)

ಇಲ್ಲಿ ವಾಹಕತೆ ಅಂದರೆ ಮರಳು ಎಷ್ಟು ಸಲೀಸಾಗಿ ನೀರು ಬಿಡುತ್ತದೆ ಅನ್ನುವುದರ ಅಳತೆ. ನೀರನ್ನು ಕೆಳಗಿನಿಂದ ಮೇಲಕ್ಕೆ ಹರಿಸಿ. ಇದಕ್ಕೆ ಎರಡು ಕಾರಣ. ಉಳಿದಿರುವ ಗಾಳಿಗುಳ್ಳೆ ಮೇಲಕ್ಕೆ ತಳ್ಳಿಕೊಂಡು ಹೋಗುತ್ತದೆ. ಮತ್ತೆ, ಉಪ್ಪುನೀರು ಸಿಹಿನೀರಿಗಿಂತ ಭಾರ. ಅದು ಕೆಳಗಿನಿಂದ ಬಂದರೆ ಭಾರದ್ದು ಕೆಳಗೆ, ಹಗುರದ್ದು ಮೇಲೆ, ನೆಮ್ಮದಿಯಾಗಿ ಏರುತ್ತದೆ. ಮೇಲಿನಿಂದ ಬಿಟ್ಟರೆ ಉಪ್ಪುನೀರು ಬೆರಳು ಚಾಚಿದ ಹಾಗೆ ಅಲ್ಲಲ್ಲಿ ಕೆಳಕ್ಕಿಳಿಯಬಹುದು. ಅದು ಬೇರೆಯೇ ಕಥೆ, ನಮ್ಮ ಸೂತ್ರಕ್ಕೆ ಒಗ್ಗುವುದಿಲ್ಲ.

ನೀರಿನ ಪಾತ್ರೆಯನ್ನು ಎತ್ತರದಲ್ಲಿಟ್ಟು, ಕ್ಲಾಂಪ್ ತಿರುಗಿಸಿ, ಹೊರಬರುವ ನೀರು ನಿಮಿಷಕ್ಕೆ 5 ಮಿ.ಲೀ. ಆಗುವಂತೆ ಹೊಂದಿಸಿ. ತಕ್ಕಡಿಯ ಮೇಲೆ ಲೋಟ ಇಟ್ಟು 10 ನಿಮಿಷ ಹಿಡಿದರೆ 50 ಗ್ರಾಂ ಬರಬೇಕು. ಪಕ್ಕದ ಎರಡು ಟ್ಯೂಬುಗಳಲ್ಲಿ ನಿಂತ ನೀರಿನ ಮಟ್ಟ ನೋಡಿ. ಕೆಳಗಿನ ಟ್ಯೂಬಿನದು 3.4 ಸೆಂ.ಮೀ. ಮೇಲಿದೆ ಅನ್ನಿ. ಆಗ:

ಹರಿವು ÷ ವಿಸ್ತೀರ್ಣ = 5 ÷ 19.63 = ನಿಮಿಷಕ್ಕೆ 0.255 ಸೆಂ.ಮೀ.
ಇಳಿಜಾರು = 3.4 ÷ 40 = 0.085
ವಾಹಕತೆ = 0.255 ÷ 0.085 = ನಿಮಿಷಕ್ಕೆ 3 ಸೆಂ.ಮೀ., ಅಂದರೆ ಸೆಕೆಂಡಿಗೆ 0.05 ಸೆಂ.ಮೀ.

ಮಧ್ಯಮ ಮರಳಿಗೆ ಇದು ಸರಿಯಾದ ಅಂಕಿ. ಹರಿವನ್ನು ಎರಡು ಪಟ್ಟು ಮಾಡಿ ನೋಡಿ, ಮಟ್ಟದ ವ್ಯತ್ಯಾಸವೂ ಎರಡು ಪಟ್ಟಾಗಬೇಕು. ಆಗದಿದ್ದರೆ ಎಲ್ಲೋ ಗಾಳಿ ಇದೆ, ಇಲ್ಲವೇ ಟ್ಯೂಬ್ ಕಟ್ಟಿಕೊಂಡಿದೆ. ನೀರಿನ ಉಷ್ಣಾಂಶವನ್ನೂ ಬರೆದಿಡಿ. 20 ಡಿಗ್ರಿಯಿಂದ 30 ಡಿಗ್ರಿಗೆ ಹೋದರೆ ನೀರಿನ ಸ್ನಿಗ್ಧತೆ ಸುಮಾರು ಐದನೇ ಒಂದು ಭಾಗ ಇಳಿಯುತ್ತದೆ, ಅದೇ ಮರಳು ಅಷ್ಟು ಸಲೀಸಾಗಿ ನೀರು ಬಿಡುತ್ತದೆ. ಬೆಳಿಗ್ಗೆ ಒಂದು ಸಂಖ್ಯೆ, ಮಧ್ಯಾಹ್ನ ಇನ್ನೊಂದು ಬಂದರೆ ಗಾಬರಿ ಬೇಡ.

ಇಲ್ಲೊಂದು ಸೂಕ್ಷ್ಮ ಇದೆ. 0.255 ಅನ್ನುವುದು ಪೂರ್ತಿ ಪೈಪು ಖಾಲಿ ಇದ್ದಿದ್ದರೆ ನೀರು ಹೋಗುತ್ತಿದ್ದ ವೇಗ. ನಿಜಕ್ಕೂ ನೀರಿಗೆ ಇರುವುದು ಸಂದಿಗಳು ಮಾತ್ರ. ಹಾಗಾಗಿ ಅದು ಇನ್ನೂ ಜೋರಾಗಿ ಓಡಬೇಕು:

ನಿಜ ವೇಗ = 0.255 ÷ 0.389 = ನಿಮಿಷಕ್ಕೆ 0.655 ಸೆಂ.ಮೀ.

50 ಸೆಂ.ಮೀ. ದಾಟಲು ಸರಾಸರಿ 76.4 ನಿಮಿಷ. ಹೇಗೂ 382 ಮಿ.ಲೀ. ಅನ್ನು 5ರಿಂದ ಭಾಗಿಸಿದರೂ ಇದೇ ಉತ್ತರ ಬರಬೇಕು, ಬರುತ್ತದೆ. ರಂಧ್ರತೆಯಿಂದ ಭಾಗಿಸಲು ಮರೆಯುವುದು ಈ ಲೆಕ್ಕದ ಅತಿ ಸಾಮಾನ್ಯ ತಪ್ಪು. ಮರೆತರೆ ಮಾಲಿನ್ಯ ಎರಡೂವರೆ ಪಟ್ಟು ತಡವಾಗಿ ಬರುತ್ತದೆ ಅಂತ ಹೇಳಿದ ಹಾಗಾಗುತ್ತದೆ.

ಹಂತ 4: ಉಪ್ಪು ಬಿಡುವುದು

ಒಂದು ಲೀಟರ್ ನೀರಿಗೆ 1 ಗ್ರಾಂ ಉಪ್ಪು ಕರಗಿಸಿ. ಜಾಸ್ತಿ ಹಾಕಬೇಡಿ, ತೂಕದ ತೊಂದರೆ ಶುರುವಾಗುತ್ತದೆ. ಪೈಪಿನಲ್ಲಿ ಹರಿಯುತ್ತಿರುವ ನೀರು ಯಾವ ನಲ್ಲಿಯದೋ ಅದೇ ನಲ್ಲಿಯ ನೀರಿನಲ್ಲಿ ಕರಗಿಸಿ.

ಮೊದಲು ಎರಡು ಅಳತೆ: ಬರೀ ನೀರಿನದು, ಉಪ್ಪುನೀರಿನದು. ಟಿಡಿಎಸ್ ಮೀಟರ್ ನಿಜಕ್ಕೂ ಅಳೆಯುವುದು ವಿದ್ಯುತ್ ವಾಹಕತೆಯನ್ನು. ಅದನ್ನು ಒಂದು ಗುಣಕದಿಂದ ಗುಣಿಸಿ ಟಿಡಿಎಸ್ ಅಂತ ತೋರಿಸುತ್ತದೆ. ಆ ಗುಣಕ ಸರಿಯಿದೆಯೋ ಇಲ್ಲವೋ ಅಂತ ನಾವು ತಲೆ ಕೆಡಿಸಿಕೊಳ್ಳಬೇಕಿಲ್ಲ, ಯಾಕೆಂದರೆ ನಮಗೆ ಬೇಕಿರುವುದು ಪ್ರಮಾಣ ಮಾತ್ರ:

ಸಾಪೇಕ್ಷ ಸಾಂದ್ರತೆ = (ಈಗಿನ ಅಳತೆ − ಬರೀ ನೀರಿನ ಅಳತೆ) ÷ (ಉಪ್ಪುನೀರಿನ ಅಳತೆ − ಬರೀ ನೀರಿನ ಅಳತೆ)

ಇಲ್ಲಿ ಸಾಂದ್ರತೆ ಅಂದರೆ ಮರಳಿನ ತೂಕದ ಸಾಂದ್ರತೆ ಅಲ್ಲ, ನೀರಿನಲ್ಲಿ ಕರಗಿದ ಉಪ್ಪಿನ ಪ್ರಮಾಣ. ಇದು 0ಯಿಂದ 1ರವರೆಗೆ ಹೋಗುತ್ತದೆ.

ಟ್ಯೂಬನ್ನು ಸಿಹಿನೀರಿನ ಪಾತ್ರೆಯಿಂದ ಉಪ್ಪುನೀರಿನ ಪಾತ್ರೆಗೆ ಬದಲಿಸಿ, ಆ ಹೊತ್ತನ್ನು ಬರೆದುಕೊಳ್ಳಿ. ಟ್ಯೂಬಿನೊಳಗೆ ಗಾಳಿ ಹೋಗದಂತೆ ಬೆರಳಿನಿಂದ ಚಿವುಟಿ ಹಿಡಿದು ಬದಲಿಸಿ. ಹೊರಬರುವ ನೀರನ್ನು ಸಣ್ಣ ಲೋಟಗಳಲ್ಲಿ ಹಿಡಿಯಿರಿ. ಒಂದೊಂದಕ್ಕೆ 10 ಮಿ.ಲೀ., ಅಂದರೆ ಎರಡು ನಿಮಿಷಕ್ಕೊಂದು. ಪ್ರತಿ ಲೋಟವನ್ನೂ ತೂಗಿ, ಮೀಟರ್ ಅದ್ದಿ, ಅಳತೆ ಬರೆಯಿರಿ. ಮೊದಲ ಮುಕ್ಕಾಲು ಗಂಟೆ ಏನೂ ಆಗುವುದಿಲ್ಲ. ಮೀಟರ್ ಒಂದೇ ಸಂಖ್ಯೆ ತೋರಿಸುತ್ತಲೇ ಇರುತ್ತದೆ. ಬಿಟ್ಟು ಏಳಬೇಡಿ! ಐವತ್ತು ನಿಮಿಷ ದಾಟಿದ ಮೇಲೆ ಕೊನೆಯ ಅಂಕಿ ಅಲುಗಾಡಲು ಶುರುವಾಗುತ್ತದೆ: ಎರಡು ಏರುತ್ತದೆ, ನಾಲ್ಕು ಏರುತ್ತದೆ, ಆಮೇಲೆ ಲೋಟದಿಂದ ಲೋಟಕ್ಕೆ ಹತ್ತಿಪ್ಪತ್ತು ಜಿಗಿಯುತ್ತದೆ. 76 ನಿಮಿಷ ಆಗುವ ಮೊದಲೇ ಉಪ್ಪು ಬಂದದ್ದನ್ನು ಕಣ್ಣಾರೆ ನೋಡಿದವರಿಗೆ ಚದುರುವಿಕೆಯನ್ನು ಮತ್ತೆ ವಿವರಿಸಬೇಕಾಗಿಲ್ಲ.

ಎಲ್ಲ ಮುಗಿಯಲು ಎರಡು ಎರಡೂವರೆ ಗಂಟೆ. ಪಾತ್ರೆ ಖಾಲಿಯಾಗುತ್ತಾ ಹರಿವು ಕೊಂಚ ಇಳಿಯಬಹುದು. ಅದಕ್ಕೆ ಸುಲಭ ಪರಿಹಾರ ಇದೆ: ನಕ್ಷೆ ಎಳೆಯುವಾಗ ಕೆಳಗಿನ ಅಕ್ಷದಲ್ಲಿ ಸಮಯ ಹಾಕಬೇಡಿ, ಇದುವರೆಗೆ ಹೊರಬಂದ ಒಟ್ಟು ನೀರನ್ನು 382ರಿಂದ ಭಾಗಿಸಿ ಹಾಕಿ. ಹರಿವು ಏರುಪೇರಾದರೂ ನಕ್ಷೆ ಕೆಡುವುದಿಲ್ಲ. ಟ್ಯೂಬಿನ ಒಳಗಿನ ನೀರನ್ನೂ ಕಳೆಯಿರಿ. 3 ಮಿ.ಮೀ. ಒಳವ್ಯಾಸದ ಒಂದೂವರೆ ಮೀಟರ್ ಟ್ಯೂಬಿನಲ್ಲಿ ಹತ್ತು ಮಿ.ಲೀ.ಗೂ ಜಾಸ್ತಿ ನೀರು ಇರುತ್ತದೆ. ಅದು ಎರಡು ನಿಮಿಷದ ತಪ್ಪು. ಜಲ್ಲಿಯ ಸಂದಿಯ ನೀರೂ ಇದರ ಜೊತೆಗೆ ಸೇರುತ್ತದೆ.

ನಿಮಗೆ ಸಿಗುವ ಓರೆ, ಅಂದರೆ ನಕ್ಷೆಯ ಬಾಗಿದ ಗೆರೆ, ಇಂಗ್ಲಿಷಿನ ಎಸ್ ಅಕ್ಷರದ ಹಾಗಿರುತ್ತದೆ. ಅದನ್ನು ಪರೀಕ್ಷಿಸಲು ಒಂದು ಒಳ್ಳೆಯ ಉಪಾಯ: ಓರೆಗೂ ಮೇಲಿನ 1ರ ಗೆರೆಗೂ ನಡುವೆ ಇರುವ ವಿಸ್ತೀರ್ಣವನ್ನು ಮಿ.ಲೀ. ಲೆಕ್ಕದಲ್ಲಿ ಕೂಡಿಸಿ. ಅದು 382ಕ್ಕೆ ಹತ್ತಿರ ಇರಬೇಕು. ಯಾಕೆಂದರೆ ಉಪ್ಪು ಹೊರದೂಡಿದ್ದು ಅಷ್ಟು ಸಿಹಿನೀರನ್ನು ತಾನೇ? ಇದು 340 ಬಂದರೆ ಪೈಪಿನ ಗೋಡೆಗುಂಟ ನೀರು ಅಡ್ಡದಾರಿ ಹಿಡಿದಿದೆ, ಇಲ್ಲವೇ ಒಳಗೆ ಗಾಳಿ ಇದೆ. ಈ ಪರೀಕ್ಷೆಯಲ್ಲಿ ಸೋತ ಪ್ರಯೋಗವನ್ನು ಮಾಡೆಲ್‌ಗೆ ಕೊಡಬೇಡಿ, ಸಮಯ ವ್ಯರ್ಥ.

ಹಂತ 5: ಓರೆಯಿಂದ ಚದುರುವಿಕೆ ತೆಗೆಯುವುದು

ಸಾಂದ್ರತೆ 0.16 ಆದ ಹೊತ್ತು, 0.84 ಆದ ಹೊತ್ತು, ಎರಡನ್ನೂ ನಕ್ಷೆಯಲ್ಲಿ ಗುರುತಿಸಿ. ಕೆಳಗಿನ ಅಕ್ಷದ ಸಂಖ್ಯೆಯನ್ನು 76.4ರಿಂದ ಗುಣಿಸಿದರೆ ನಿಮಿಷ ಸಿಗುತ್ತದೆ. 66 ನಿಮಿಷ ಮತ್ತು 88 ನಿಮಿಷಕ್ಕೆ ಹತ್ತಿರ ಬಂತು ಅನ್ನೋಣ. ಅಂತರ 21.7, ಅರ್ಧ 10.85 ನಿಮಿಷ. ಇನ್ನು ಸೂತ್ರ:

ಚದುರುವಿಕೆಯ ಅಳತೆ = (ಉದ್ದ ÷ 2) × (ಅರ್ಧ ಅಂತರ ÷ ಸರಾಸರಿ ಸಮಯ) ವರ್ಗ
= 25 × (10.85 ÷ 76.4) ವರ್ಗ = 0.5 ಸೆಂ.ಮೀ.

ಇದಕ್ಕೆ ಡಿಸ್ಪರ್ಸಿವಿಟಿ ಅನ್ನುತ್ತಾರೆ, ಸಾಮಾನ್ಯವಾಗಿ ಆಲ್ಫಾ ಅಂತ ಗುರುತಿಸುತ್ತಾರೆ. ಇದು ಉದ್ದದ ಅಳತೆ ಅನ್ನುವುದನ್ನು ಗಮನಿಸಿ. ಒಂದೇ ಥರದ ಮರಳಿನಲ್ಲಿ ಇದು ಕಾಳಿನ ಗಾತ್ರದ ಆಸುಪಾಸಿನಲ್ಲೇ ಇರುತ್ತದೆ, ಬೆರಕೆ ಮರಳಿನಲ್ಲಿ ಅದರ ಹಲವು ಪಟ್ಟು. ಆಲ್ಫಾವನ್ನು ನಿಜ ವೇಗದಿಂದ ಗುಣಿಸಿದರೆ ಚದುರುವಿಕೆಯ ಗುಣಾಂಕ: 0.5 × 0.655 = ನಿಮಿಷಕ್ಕೆ 0.3275 ಚದರ ಸೆಂ.ಮೀ. ನೀರು ನಿಂತಿದ್ದಾಗಲೂ ಉಪ್ಪು ತಾನಾಗಿ ಹರಡುತ್ತದಲ್ಲ, ಆ ಡಿಫ್ಯೂಷನ್ ನಿಮಿಷಕ್ಕೆ 0.001 ಚದರ ಸೆಂ.ಮೀ.ಗೂ ಕಡಿಮೆ. ಈ ವೇಗದಲ್ಲಿ ಅದನ್ನು ಬಿಡಬಹುದು. ಜೇಡಿಮಣ್ಣಿನಲ್ಲಾದರೆ ಬಿಡುವ ಹಾಗಿಲ್ಲ, ಅಲ್ಲಿ ಹರಿವೇ ಇಲ್ಲವಾದ್ದರಿಂದ ಅದೇ ಮುಖ್ಯ.

ಹಂತ 6: ಸಿದ್ಧ ಸೂತ್ರದ ಜೊತೆ ಹೋಲಿಕೆ

ಕಂಪ್ಯೂಟರ್ ಮಾಡೆಲ್ ಕಟ್ಟುವ ಮೊದಲು ಕಾಗದದ ಮೇಲಿನ ಉತ್ತರ ಕೈಯಲ್ಲಿರಬೇಕು. 1961ರಲ್ಲಿ ಒಗಾಟಾ ಮತ್ತು ಬ್ಯಾಂಕ್ಸ್ ಎಂಬ ಸಂಶೋಧಕರು ಕೊಟ್ಟ ಸೂತ್ರ ನಮ್ಮ ಪೈಪಿಗೆ ಹೇಳಿ ಮಾಡಿಸಿದ ಹಾಗಿದೆ. ಅದರಲ್ಲಿ ಎರಡು ಪದಗಳಿವೆ:

ಮೊದಲ ಪದ = ಇಆರ್‌ಎಫ್‌ಸಿ [ (ಉದ್ದ − ವೇಗ × ಸಮಯ) ÷ (2 × ವರ್ಗಮೂಲ (ಗುಣಾಂಕ × ಸಮಯ)) ]
ಎರಡನೇ ಪದ = ಘಾತೀಯ (ವೇಗ × ಉದ್ದ ÷ ಗುಣಾಂಕ) × ಇಆರ್‌ಎಫ್‌ಸಿ [ (ಉದ್ದ + ವೇಗ × ಸಮಯ) ÷ (2 × ವರ್ಗಮೂಲ (ಗುಣಾಂಕ × ಸಮಯ)) ]
ಸಾಪೇಕ್ಷ ಸಾಂದ್ರತೆ = (ಮೊದಲ ಪದ + ಎರಡನೇ ಪದ) ÷ 2

ಇಆರ್‌ಎಫ್‌ಸಿ (ERFC), ಘಾತೀಯ (EXP) ಎರಡೂ ಎಕ್ಸೆಲ್‌ನಲ್ಲೂ ಗೂಗಲ್ ಶೀಟ್ಸ್‌ನಲ್ಲೂ ಸಿದ್ಧವಾಗಿ ಇರುವ ಫಂಕ್ಷನ್‌ಗಳು. ನಮ್ಮ ಅಂಕಿಗಳಲ್ಲಿ ವೇಗ × ಉದ್ದ ÷ ಗುಣಾಂಕ ಸರಿಯಾಗಿ 100. ಇದೇ ಪೆಕ್ಲೆ ಸಂಖ್ಯೆ, ಅಂದರೆ ಚದುರುವಿಕೆಗೆ ಹೋಲಿಸಿದರೆ ಹರಿವಿನ ಜೋರು ಎಷ್ಟು ಅನ್ನುವ ಅಳತೆ. ಇದು 700 ದಾಟಿದರೆ ಸ್ಪ್ರೆಡ್‌ಶೀಟ್‌ನಲ್ಲಿ ಘಾತೀಯ ಪದ ಹಿಡಿಸಲಾರದಷ್ಟು ದೊಡ್ಡದಾಗಿ ಎರರ್ ಬರುತ್ತದೆ. ಆಗ ಎರಡನೇ ಪದವನ್ನೇ ಬಿಡಿ, ಅಷ್ಟು ಹೊತ್ತಿಗೆ ಅದರ ಪಾಲು ಲೆಕ್ಕಕ್ಕೆ ಬಾರದಷ್ಟು ಸಣ್ಣದಾಗಿರುತ್ತದೆ.

76.4 ನಿಮಿಷಕ್ಕೆ ನಿಮಗೆ 0.528 ಬಂದರೆ ಸೂತ್ರ ಸರಿ ಕೂತಿದೆ. 0.5 ಯಾಕಿಲ್ಲ ಅನ್ನಿಸಬಹುದು. ಆ 0.028 ಎರಡನೇ ಪದದ್ದು. ಇನ್ನು 55 ನಿಮಿಷಕ್ಕೆ ಹಾಕಿ ನೋಡಿ: 0.01ಕ್ಕಿಂತ ಚೂರು ಜಾಸ್ತಿ ಬರುತ್ತದೆ. ಸರಾಸರಿ ಉಪ್ಪಿಗಿಂತ 21 ನಿಮಿಷ ಮುಂಚೆಯೇ ನೂರಕ್ಕೆ ಒಂದು ಪಾಲು ಹೊರಗೆ ಬಂದಾಗಿದೆ.

ನಿಮ್ಮ ಅಳತೆಗಳನ್ನೂ ಈ ಓರೆಯನ್ನೂ ಒಂದೇ ನಕ್ಷೆಯಲ್ಲಿ ಹಾಕಿ. ಆಲ್ಫಾ ಮತ್ತು ರಂಧ್ರತೆ ಎರಡನ್ನೂ ಕೊಂಚ ಕೊಂಚ ಬದಲಿಸಿ ಹೊಂದಿಸಿ, ಇಲ್ಲವೇ ಎಕ್ಸೆಲ್‌ನ ಸಾಲ್ವರ್‌ಗೆ ವ್ಯತ್ಯಾಸದ ವರ್ಗಗಳ ಮೊತ್ತ ಕಡಿಮೆ ಮಾಡಲು ಹೇಳಿ. ಆದರೆ ರಂಧ್ರತೆ ತೂಕದಿಂದ ಬಂದ 0.389ರಿಂದ ತುಂಬಾ ದೂರ ಹೋದರೆ ಸಾಲ್ವರ್ ಮಾತು ಕೇಳಬೇಡಿ, ಪೈಪನ್ನು ನೋಡಿ.

ಹಂತ 7: ಮನೆಮನೆಯಾಗಿ ಮಾಡೆಲ್ ಕಟ್ಟುವುದು

ಸೂತ್ರ ಇದ್ದ ಮೇಲೆ ಇದು ಯಾಕೆ? ಯಾಕೆಂದರೆ ನಿಜವಾದ ನೆಲದಲ್ಲಿ ಮರಳು ಒಂದೇ ಥರ ಇರುವುದಿಲ್ಲ, ಹರಿವು ಮಳೆಗಾಲಕ್ಕೆ ಬೇರೆ, ಬೇಸಿಗೆಗೆ ಬೇರೆ. ಅಲ್ಲಿ ಸಿದ್ಧ ಸೂತ್ರ ನಡೆಯುವುದಿಲ್ಲ. ಪೈಪನ್ನು ಸಣ್ಣ ಸಣ್ಣ ತುಂಡು ಮಾಡಿ, ಒಂದೊಂದು ತುಂಡಿನ ಲೆಕ್ಕ ಇಡಬೇಕು. ಚೌಕಾಬಾರದ ಮನೆಗಳ ಹಾಗೆ ಅಂದುಕೊಳ್ಳಿ: ಪ್ರತಿ ಹೆಜ್ಜೆಗೂ ಪ್ರತಿ ಮನೆಯ ಉಪ್ಪು ಎಡಗಡೆಯಿಂದ ಬಂದದ್ದು, ಬಲಗಡೆಗೆ ಹೋದದ್ದು ನೋಡಿ ಬದಲಾಗುತ್ತದೆ.

ಸ್ಪ್ರೆಡ್‌ಶೀಟ್‌ನಲ್ಲಿ ಒಂದೊಂದು ಕಾಲಂ ಅರ್ಧ ಸೆಂ.ಮೀ. ಮರಳು. ಮೊದಲ ಕಾಲಂ ಪೈಪಿನ ಬಾಯಿ, ಅಲ್ಲಿ ಯಾವಾಗಲೂ 1. ಅಲ್ಲಿಂದ 100ನೇ ಮನೆ ಅಂದರೆ 50 ಸೆಂ.ಮೀ. ಅಲ್ಲಿಗೇ ನಿಲ್ಲಿಸದೆ 120 ಮನೆ ಮಾಡಿ, ಓದುವುದನ್ನು ಮಾತ್ರ 100ರಲ್ಲಿ ಓದಿ. ಹೀಗೆ ಮಾಡಿದರೆ ತುದಿಯಲ್ಲಿ ಏನಾಗುತ್ತದೆ ಅನ್ನುವ ತಲೆನೋವು ತಪ್ಪುತ್ತದೆ. 121ನೇ ಮನೆಗೆ ಸುಮ್ನೆ 120ರ ಬೆಲೆಯನ್ನೇ ಕೊಡಿ. ಒಂದೊಂದು ಸಾಲು 0.2 ನಿಮಿಷ. ಮೊದಲ ಸಾಲಿನಲ್ಲಿ ಬಾಯಿ ಬಿಟ್ಟು ಉಳಿದದ್ದೆಲ್ಲ ಸೊನ್ನೆ. ಆಮೇಲೆ ಪ್ರತಿ ಮನೆಗೂ ಇದೇ ಸೂತ್ರ:

ಹೊಸ ಬೆಲೆ = ಹಳೆಯದು − ಕೂರಾಂಟ್ × (ಹಳೆಯದು − ಎಡ ಮನೆ) + ಲ್ಯಾಂಬ್ಡಾ × (ಎಡ ಮನೆ − 2 × ಹಳೆಯದು + ಬಲ ಮನೆ)

ಎಡ, ಬಲ ಎರಡೂ ಹಿಂದಿನ ಸಾಲಿನ ಬೆಲೆಗಳು. ಕೂರಾಂಟ್ = ವೇಗ × ಕಾಲದ ಹೆಜ್ಜೆ ÷ ಮನೆಯ ಅಗಲ = 0.655 × 0.2 ÷ 0.5 = 0.262. ಲ್ಯಾಂಬ್ಡಾ = ಗುಣಾಂಕ × ಕಾಲದ ಹೆಜ್ಜೆ ÷ ಅಗಲದ ವರ್ಗ. ಕೂರಾಂಟ್ ಮತ್ತು ಎರಡು ಲ್ಯಾಂಬ್ಡಾ ಕೂಡಿಸಿದರೆ 1 ಮೀರಬಾರದು. ಮೀರಿದರೆ ಸಂಖ್ಯೆಗಳು ಮೇಲೆ ಕೆಳಗೆ ಹಾರಾಡಿ ಶೀಟ್ ತುಂಬಾ ಕಸವಾಗುತ್ತದೆ. ನಮ್ಮಲ್ಲಿ 0.262 + 0.524 = 0.786, ಅಡ್ಡಿಯಿಲ್ಲ. 750 ಸಾಲು ಎಳೆದರೆ 150 ನಿಮಿಷ.

ಹಂತ 8: ಕಂಪ್ಯೂಟರ್ ಸೇರಿಸಿದ ಚದುರುವಿಕೆಯನ್ನು ಹಿಡಿಯುವುದು

ಈಗ 100ನೇ ಮನೆಯ ಓರೆಯನ್ನು ಒಗಾಟಾ-ಬ್ಯಾಂಕ್ಸ್ ಓರೆಯ ಮೇಲೆ ಹಾಕಿ ನೋಡಿ. ಹೊಂದುವುದಿಲ್ಲ! ಮಾಡೆಲ್‌ನ ಓರೆ ಜಾಸ್ತಿ ಹರಡಿಕೊಂಡಿರುತ್ತದೆ. ಸೂತ್ರ ತಪ್ಪು ಬರೆದಿದ್ದೇವೆ ಅಂತ ಎಷ್ಟೋ ಜನ ಇಲ್ಲಿ ಗಂಟೆಗಟ್ಟಲೆ ಹುಡುಕುತ್ತಾರೆ. ಸೂತ್ರ ಸರಿಯಾಗಿಯೇ ಇದೆ.

ಆಗಿರುವುದು ಇಷ್ಟು. ಒಂದು ಹೆಜ್ಜೆಯಲ್ಲಿ ಉಪ್ಪು ನಿಜಕ್ಕೂ ಚಲಿಸುವುದು 0.131 ಸೆಂ.ಮೀ. ಮಾತ್ರ. ಆದರೆ ಮನೆಯ ಅಗಲ ಅರ್ಧ ಸೆಂ.ಮೀ. ಎಡಗಡೆಯಿಂದ ಒಳಬಂದ ಚೂರು ಉಪ್ಪನ್ನು ಸ್ಪ್ರೆಡ್‌ಶೀಟ್ ಆ ಮನೆಯ ಪೂರ್ತಿ ಅಗಲಕ್ಕೆ ಸವರಿಬಿಡುತ್ತದೆ. ಮುಂದಿನ ಹೆಜ್ಜೆಯಲ್ಲಿ ಅದರ ಒಂದು ಪಾಲು ಆಗಲೇ ಮುಂದಿನ ಮನೆಗೆ. ಹೀಗೆ ಮರಳು ಮಾಡದ ಚದುರುವಿಕೆಯನ್ನು ಲೆಕ್ಕದ ವಿಧಾನವೇ ಮಾಡುತ್ತದೆ. ಎಷ್ಟು ಅನ್ನುವುದನ್ನೂ ಕರಾರುವಾಕ್ಕಾಗಿ ಹೇಳಬಹುದು:

ಸುಳ್ಳು ಗುಣಾಂಕ = ವೇಗ × ಮನೆಯ ಅಗಲ × (1 − ಕೂರಾಂಟ್) ÷ 2
= 0.655 × 0.5 × 0.738 ÷ 2 = 0.121

ನಿಜವಾದದ್ದು 0.3275. ಅಂದರೆ ಮೂರನೇ ಒಂದು ಭಾಗಕ್ಕಿಂತಲೂ ಜಾಸ್ತಿ ಸುಮ್ನೆ ಸೇರಿಕೊಂಡಿದೆ. ಮನೆಯ ಅಗಲ 1 ಸೆಂ.ಮೀ. ಮಾಡಿ, ಕಾಲದ ಹೆಜ್ಜೆ ತೀರಾ ಸಣ್ಣದಿಟ್ಟರೆ ಸುಳ್ಳು ಚದುರುವಿಕೆ ಮರಳಿನ ಚದುರುವಿಕೆಯಷ್ಟೇ ಆಗುತ್ತದೆ. ಆಗ ನೂರಕ್ಕೆ ಒಂದು ಪಾಲು ಬರುವ ಹೊತ್ತು 55 ನಿಮಿಷದಿಂದ 48ರ ಹತ್ತಿರಕ್ಕೆ ಇಳಿಯುತ್ತದೆ. ಇನ್ನೂ ಕೆಟ್ಟದ್ದು ಏನಂದರೆ, ಗುಣಾಂಕ ಸೊನ್ನೆ ಅಂತ ಹಾಕಿದರೂ ಓರೆ ನಿಮ್ಮ ಅಳತೆಗೆ ಚೆನ್ನಾಗಿಯೇ ಹೊಂದುತ್ತದೆ! ಹೊಂದಿತು ಅಂತ ಮಾಡೆಲ್ ಸರಿ ಅಂದುಕೊಂಡರೆ, ನಾಳೆ ಮನೆಯ ಅಗಲ ಬದಲಿಸಿದ ಕೂಡಲೇ ಉತ್ತರವೂ ಬದಲು.

ನಮ್ಮ ಶೀಟಿಗೆ ಪರಿಹಾರ ಸುಲಭ. ಸುಳ್ಳನ್ನು ನಿಜದಿಂದ ಕಳೆಯಿರಿ: 0.3275 − 0.121 = 0.207. ಈ 0.207ನ್ನು ಹಾಕಿ ಲ್ಯಾಂಬ್ಡಾ ತೆಗೆದರೆ 0.165. ಈಗ ಓರೆ ಒಗಾಟಾ-ಬ್ಯಾಂಕ್ಸ್ ಮೇಲೆ ಕೂರುತ್ತದೆ. ಇನ್ನೊಂದು ದಾರಿ ಮನೆಗಳನ್ನು ಅರ್ಧ, ಕಾಲು ಮಾಡುತ್ತಾ ಹೋಗುವುದು. ಎರಡು ಬೇರೆ ಬೇರೆ ಅಗಲಕ್ಕೂ ಒಂದೇ ಉತ್ತರ ಬಂದರೆ ಮಾತ್ರ ಅದು ಮರಳಿನ ಉತ್ತರ. ಮಾಡೆಲ್ ನೋಡಿದಾಗಲೆಲ್ಲ ನಾನು ಕೇಳುವ ಮೊದಲ ಪ್ರಶ್ನೆ ಇದೇ: ಮನೆಯ ಅಗಲ ಅರ್ಧ ಮಾಡಿ ನೋಡಿದಿರಾ?

ಉಪ್ಪಿನ ಜಮಾಖರ್ಚನ್ನೂ ಕೊನೆಗೊಮ್ಮೆ ನೋಡಿ. ಒಳಗೆ ಹೋದದ್ದರಲ್ಲಿ ಹೊರಗೆ ಬಂದದ್ದು ಕಳೆದರೆ ಮನೆಗಳಲ್ಲಿ ಉಳಿದದ್ದಕ್ಕೆ ಸಮ ಆಗಬೇಕು. ಪೈಪು ಪೂರ್ತಿ ತುಂಬಿದಾಗ ಒಳಗಿರುವ ಉಪ್ಪು 0.38 ಗ್ರಾಂ.

ಉಪ್ಪಲ್ಲದ ವಸ್ತುಗಳು

ಉಪ್ಪಿನ ಕ್ಲೋರೈಡ್ ಮರಳಿಗೆ ಅಂಟುವುದಿಲ್ಲ, ಅದಕ್ಕೇ ಅದನ್ನು ಆರಿಸಿಕೊಂಡದ್ದು. ಅಂಟುವ ವಸ್ತುವಾದರೆ ಅದು ನೀರಿಗಿಂತ ಹಿಂದೆ ಬೀಳುತ್ತದೆ. ಎಷ್ಟು ಪಟ್ಟು ಅಂದರೆ:

ತಡ = 1 + (ಒಂದು ಘನ ಸೆಂ.ಮೀ.ಗೆ ಒಣ ಮರಳಿನ ತೂಕ, ಅಂದರೆ 1.62 × ಅಂಟುವ ಗುಣಾಂಕ ÷ ರಂಧ್ರತೆ)

ಅಂಟುವ ಗುಣಾಂಕ ಗ್ರಾಂಗೆ 0.2 ಮಿ.ಲೀ. ಅಷ್ಟೇ ಇದ್ದರೂ ತಡ 1.83. ವೇಗ, ಗುಣಾಂಕ ಎರಡನ್ನೂ ಇದರಿಂದ ಭಾಗಿಸಿ ಅದೇ ಶೀಟಿಗೆ ಹಾಕಬಹುದು. ಸುಳ್ಳು ಗುಣಾಂಕವನ್ನೂ ಹೊಸ ವೇಗಕ್ಕೆ ಮತ್ತೆ ತೆಗೆಯಿರಿ.

ಓರೆಯ ಬಾಲ ಉದ್ದಕ್ಕೆ ಎಳೆದುಕೊಂಡು ಹೋಗುತ್ತಿದ್ದರೆ, 1ಕ್ಕೆ ಮುಟ್ಟಲು ಒದ್ದಾಡುತ್ತಿದ್ದರೆ, ಎಲ್ಲೋ ನಿಂತ ನೀರಿನ ಮೂಲೆಗಳಿವೆ ಅಂತ ಅರ್ಥ. ಆಲ್ಫಾ ಏರಿಸಿ ಅದನ್ನು ಹೊಂದಿಸಲು ಹೋಗಬೇಡಿ. ಹರಿಯುವ ನೀರು, ನಿಂತ ನೀರು ಅಂತ ಎರಡು ಲೆಕ್ಕ ಇಡುವ ಮಾಡೆಲ್ ಬೇಕು.

ಪೈಪಿನಿಂದ ಹಿತ್ತಲಿಗೆ

ಮೊದಲ ಪ್ರಶ್ನೆಗೆ ಬರೋಣ. ಅದೇ ಮರಳು, ವಾಹಕತೆ ದಿನಕ್ಕೆ 43 ಮೀಟರ್. ನೀರಿನ ಮಟ್ಟದ ಇಳಿಜಾರು 200 ಮೀಟರಿಗೆ 1 ಮೀಟರ್. ನಿಜ ವೇಗ 43 × 0.005 ÷ 0.389 = ದಿನಕ್ಕೆ 0.55 ಮೀಟರ್. 30 ಮೀಟರಿಗೆ 54 ದಿನ.

ಈಗ ಆಲ್ಫಾ ಎಷ್ಟು? ಪೈಪಿನ 0.5 ಸೆಂ.ಮೀ. ಅನ್ನೇ ಹಾಕಿದರೆ ತಪ್ಪಾಗುತ್ತದೆ. ನೆಲದಲ್ಲಿ ದಪ್ಪ ಮರಳಿನ ಪಟ್ಟಿ, ಸಣ್ಣ ಮರಳಿನ ಪಟ್ಟಿ, ನಡುನಡುವೆ ಜೇಡಿ ಇರುತ್ತವೆ. ಒಂದು ಪಟ್ಟಿಯಲ್ಲಿ ನೀರು ಓಡಿದರೆ ಇನ್ನೊಂದರಲ್ಲಿ ತೆವಳುತ್ತದೆ. ಹಾಗಾಗಿ ದೂರ ಹೆಚ್ಚಿದಷ್ಟೂ ಆಲ್ಫಾ ಹೆಚ್ಚುತ್ತದೆ. 1982ರಲ್ಲಿ ಕೆನಡಾದ ಬೋರ್ಡನ್ ಎಂಬಲ್ಲಿ ಸಂಶೋಧಕರು ಕ್ಲೋರೈಡ್, ಬ್ರೋಮೈಡ್ ಬೆರೆಸಿದ ಸುಮಾರು 12 ಘನ ಮೀಟರ್ ನೀರನ್ನು ಮರಳು ನೆಲದೊಳಕ್ಕೆ ಬಿಟ್ಟು, ಸಾವಿರಾರು ಮಾದರಿ ತೆಗೆದು ಅದರ ಹಿಂದೆ ಬಿದ್ದರು. ಆ ಮರಳು ಸಾಕಷ್ಟು ಏಕರೂಪದ್ದೇ. ಆದರೂ ಅಲ್ಲಿ ಆಲ್ಫಾ ಹತ್ತಾರು ಸೆಂಟಿಮೀಟರಿಗೆ ಏರಿತು. ಅಳತೆ ಇಲ್ಲದ ಜಾಗದಲ್ಲಿ ದೂರದ ಹತ್ತನೇ ಒಂದು ಭಾಗ ಅಂತ ಹಿಡಿಯುವ ರೂಢಿ ಇದೆ. ಅದು ಒರಟು ಅಂದಾಜು, ಆದರೆ ಎಚ್ಚರಿಕೆಯ ಕಡೆಗೆ ವಾಲುವ ಅಂದಾಜು.

30 ಮೀಟರಿಗೆ ಆಲ್ಫಾ 3 ಮೀಟರ್ ಅಂತ ಒಗಾಟಾ-ಬ್ಯಾಂಕ್ಸ್‌ಗೆ ಹಾಕಿ. ನೂರಕ್ಕೆ ಒಂದು ಪಾಲು 18, 19 ದಿನಕ್ಕೇ ಬಂದುಬಿಡುತ್ತದೆ. ಅಡ್ಡಕ್ಕೆ ಹರಡಿ ತೆಳುವಾಗುವುದನ್ನು ಈ ಲೆಕ್ಕ ನೋಡುವುದಿಲ್ಲ. ಅದಕ್ಕೆ ಎರಡು ಮೂರು ಆಯಾಮದ ಮಾಡೆಲ್ ಬೇಕು. ಅಮೆರಿಕದ ಭೂಗರ್ಭ ಸರ್ವೇಕ್ಷಣಾ ಸಂಸ್ಥೆಯ ಮಾಡ್‌ಫ್ಲೋ ಎಂಬ ಅಂತರ್ಜಲ ಮಾಡೆಲ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಅದರ 6ನೇ ಆವೃತ್ತಿಯಲ್ಲಿ ಹರಿವಿನ ಜೊತೆ ವಸ್ತುಗಳ ಸಾಗಾಟವನ್ನೂ ಲೆಕ್ಕ ಹಾಕಬಹುದು. ಅದರಲ್ಲೂ ಮೊದಲು ನಿಮ್ಮ 50 ಸೆಂ.ಮೀ. ಪೈಪನ್ನೇ ಕಟ್ಟಿ. ಸ್ಪ್ರೆಡ್‌ಶೀಟ್‌ನ ಓರೆ ಬಂದ ಮೇಲೆ ಹಿತ್ತಲಿಗೆ ಹೋಗಿ. ರೋಗಾಣುಗಳಿಗೆ ಈ ಅಂಕಿ ಹಾಕಬೇಡಿ. ಅವು ದಾರಿಯಲ್ಲಿ ಸಾಯುತ್ತವೆ, ಮರಳಿಗೆ ಸಿಕ್ಕಿಕೊಳ್ಳುತ್ತವೆ, ಅವುಗಳ ಲೆಕ್ಕ ಬೇರೆ.

ಕೋಲಾರ, ತುಮಕೂರು ಕಡೆಯ ಓದುಗರಿಗೆ ಒಂದು ಮಾತು. ನಿಮ್ಮ ಬೋರ್‌ವೆಲ್‌ಗಳು ಇಳಿದಿರುವುದು ಗಟ್ಟಿ ಕಲ್ಲಿನ ಬಿರುಕುಗಳಿಗೆ. ಅಲ್ಲಿ ನೀರು ಹರಿಯುವ ಜಾಗ ನೂರಕ್ಕೆ 39 ಪಾಲು ಅಲ್ಲ, ಒಂದು ಪಾಲೂ ಇಲ್ಲದಿರಬಹುದು. ನಿಜ ವೇಗ ತೆಗೆಯಲು ಭಾಗಿಸುವುದು ಈ ಸಂಖ್ಯೆಯಿಂದಲೇ ಅಲ್ವಾ? 0.389 ಇದ್ದ ಜಾಗದಲ್ಲಿ 0.01 ಹಾಕಿ. ಉಳಿದದ್ದೆಲ್ಲ ಅಷ್ಟೇ ಇದ್ದರೆ 54 ದಿನ ಒಂದೂವರೆ ದಿನಕ್ಕೂ ಕಡಿಮೆಯಾಗುತ್ತದೆ. ಅಂಥ ಕಡೆ ಒಂದೇ ಉತ್ತರ ಕೊಡಬೇಡಿ. ರಂಧ್ರತೆಯನ್ನು 0.005ರಿಂದ 0.05ರವರೆಗೆ ಬದಲಿಸಿ ಹತ್ತು ಸಲ ಓಡಿಸಿ, ಅತಿ ಬೇಗ ಬರುವ ದಿನವನ್ನು ಬಾವಿಯ ಮಾಲೀಕರಿಗೆ ಮೊದಲು ಹೇಳಿ.